ಹಸಿವು ಮನೆಯೊಳಗೆ ಇಳಿಯುವ ಎಂಟು ಮೆಟ್ಟಿಲುಗಳು



ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯಿರನೆಂಬ ಪ್ರಾರ್ಥನಾಮಂದಿರದ ಅಧಿಕಾರಿಯ ಮಗಳ ಪ್ರಸಂಗ ಬರುತ್ತದೆ. ಹನ್ನೆರಡು ವರ್ಷದ ಹುಡುಗಿ. ಕಾಯಿಲೆಯಿಂದ ಸತ್ತೇ ಹೋದಳೆಂದು ಜನ ಗೋಳಾಡುತ್ತಿರುವಾಗ ಯೇಸುಸ್ವಾಮಿ ಒಳಗೆ ಹೋಗಿ ಅವಳ ಕೈ ಹಿಡಿದು ಎಬ್ಬಿಸುತ್ತಾರೆ. ಎಲ್ಲರೂ ಬೆರಗಾಗಿ ನಿಂತುಬಿಡುತ್ತಾರೆ. ಆಗ ಪ್ರಭು ಮನೆಯವರಿಗೆ ಹೇಳಿದ್ದೇನು? ಈ ವಿಷಯ ಯಾರಿಗೂ ತಿಳಿಯಬಾರದು ಎಂದು, ಮತ್ತು ಮಗುವಿಗೆ ತಿನ್ನಲು ಏನಾದರೂ ಕೊಡಿ ಎಂದು. ಅದ್ಭುತದ ಸಂಭ್ರಮದಲ್ಲಿ ತಾಯಿತಂದೆಯರಿಗೇ ನೆನಪಾಗದ ಸಂಗತಿ ಪ್ರಭುವಿಗೆ ನೆನಪಾಯಿತು. ಕಾಯಿಲೆ ಬಿಟ್ಟುಹೋದ ಮೇಲೂ ಹಸಿವು ಆ ಮನೆಯಲ್ಲಿ ಉಳಿದಿತ್ತು.

ಕಾಯಿಲೆ ಮತ್ತು ಹಸಿವು ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ಇದನ್ನು ಇಡೀ ಲೋಕ 2020 ರ ಕೋವಿಡ್ ಕಾಲದಲ್ಲಿ ಕಣ್ಣಾರೆ ಕಂಡಿತು. ಆ ಕಾಲ ದಾಟಿ ಬಂದಿದ್ದೇವೆ. ಆದರೆ ಅದು ಕಲಿಸಿದ ಪಾಠವನ್ನು ನಾವು ಕುಟುಂಬವಾಗಿ, ಧರ್ಮಕೇಂದ್ರವಾಗಿ ಕಲಿತಿದ್ದೇವೆಯೇ? ಹಸಿವು ಒಂದೇ ದಿನದಲ್ಲಿ ಬಂದು ಬಾಗಿಲು ತಟ್ಟುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಸದ್ದಿಲ್ಲದೆ ಮನೆಯೊಳಗೆ ಇಳಿಯುತ್ತದೆ. ನೆರೆಹೊರೆಯವರ ಕಣ್ಣಿಗೆ ಬೀಳುವುದು ಕೊನೆಯ ಮೆಟ್ಟಿಲು ಮಾತ್ರ. ಮೊದಲ ಮೆಟ್ಟಿಲುಗಳಲ್ಲೇ ಅದನ್ನು ಗುರುತಿಸುವ ಕಣ್ಣನ್ನು ಬೇಡಿಕೊಳ್ಳುವುದು, ಬೆಳೆಸಿಕೊಳ್ಳುವುದು ಈ ವಾರದ ನಮ್ಮ ಪಾಠ.

ರೋಗವೊಂದು ಹಸಿವಾದ ಬಗೆ

2020 ರ ಮಾರ್ಚ್ 24 ರ ರಾತ್ರಿ ಪ್ರಧಾನಮಂತ್ರಿಗಳು ದೇಶಕ್ಕೆಲ್ಲ ಲಾಕ್‌ಡೌನ್ ಘೋಷಿಸಿದರು. ಮರುದಿನ ಮಾರ್ಚ್ 25. ನಮಗೆ ಅದು ಮಂಗಳವಾರ್ತೆಯ ಹಬ್ಬ, ಆ ವರ್ಷ ಕನ್ನಡ ನಾಡಿಗೆ ಯುಗಾದಿಯೂ ಹೌದು. 21 ದಿನವೆಂದು ಹೇಳಿದ್ದು ಹಂತ ಹಂತವಾಗಿ ಮೇ 31 ರವರೆಗೆ ಬೆಳೆಯಿತು. ಏಪ್ರಿಲ್ 12 ರ ಪಾಸ್ಖ ಹಬ್ಬವನ್ನೂ ನಾವು ಮನೆಯಲ್ಲೇ ಆಚರಿಸಿದೆವು.

ತಿಂಗಳ ಸಂಬಳ ಬರುವ ಮನೆಗೆ ಅದು ಕಿರಿಕಿರಿಯ ಕಾಲ. ದಿನದ ಕೂಲಿಯ ಮನೆಗೆ ಅದು ಬೇರೆಯೇ ಕಾಲ. ಗಾರೆ ಕೆಲಸದವರು, ಬಣ್ಣ ಬಳಿಯುವವರು, ಮನೆಗೆಲಸದ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರು, ಆಟೋ ಓಡಿಸುವವರು, ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು, ಮದುವೆಮನೆಯಲ್ಲಿ ಅಡಿಗೆಗೆ ಹೋಗುವವರು, ಇವರಿಗೆಲ್ಲ ಆದಾಯ ಮಾರ್ಚ್ 25 ರಂದೇ ನಿಂತಿತು. ಬಾಡಿಗೆ, ಸಾಲದ ಕಂತು, ಅಂಗಡಿಯ ಬಾಕಿ ನಿಲ್ಲಲಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಆ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ರಾಜ್ಯವೂ ಸೇರಿ 12 ರಾಜ್ಯಗಳಲ್ಲಿ ಸುಮಾರು 5,000 ಮಂದಿಯನ್ನು ಫೋನಿನಲ್ಲಿ ವಿಚಾರಿಸಿತು. ಮೂರರಲ್ಲಿ ಎರಡು ಪಾಲು ಜನ ದುಡಿಮೆ ಕಳೆದುಕೊಂಡಿದ್ದರು. ಹತ್ತರಲ್ಲಿ ಸುಮಾರು ಎಂಟು ಮನೆಗಳಲ್ಲಿ ಮೊದಲಿಗಿಂತ ಕಡಿಮೆ ಊಟ ಮಾಡುತ್ತಿದ್ದರು. ಹಾಗೆ ಊಟ ಕಡಿಮೆ ಮಾಡಿದ ಮನೆಗಳಲ್ಲಿ ಕೆಲವು ಆರು ತಿಂಗಳಾದರೂ ಮೊದಲಿನ ಸ್ಥಿತಿಗೆ ಮರಳಿರಲಿಲ್ಲವೆಂದು ಅದೇ ವಿಶ್ವವಿದ್ಯಾಲಯದ ಮುಂದಿನ ವಿಚಾರಣೆಯಲ್ಲಿ ತಿಳಿದುಬಂತು.

ಆಗ ದೇಶದಲ್ಲಿ ಆಹಾರವೇ ಇರಲಿಲ್ಲವೇ? ಇತ್ತು. 2020 ರ ಏಪ್ರಿಲ್ ಆರಂಭದಲ್ಲಿ ಸರ್ಕಾರದ ಉಗ್ರಾಣಗಳಲ್ಲಿ 5 ಕೋಟಿ ಟನ್ನಿಗೂ ಹೆಚ್ಚು ಅಕ್ಕಿ, ಗೋಧಿ ದಾಸ್ತಾನಿತ್ತು. ಹೊಲದಲ್ಲೂ ಬೆಳೆಯಿತ್ತು. ನಮ್ಮ ರಾಜ್ಯದ ಹೂವು, ಹಣ್ಣು, ತರಕಾರಿ ಬೆಳೆದವರು ಕೊಳ್ಳುವವರಿಲ್ಲದೆ ಬೆಳೆಯನ್ನು ಹೊಲದಲ್ಲೇ ಬಿಟ್ಟರು. 2020 ರ ಮೇ 6 ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ ನೆರವನ್ನು ಪ್ರಕಟಿಸಿತು. ಅದರಲ್ಲಿ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5,000 ರೂಪಾಯಿ ಸೇರಿತ್ತು. ಒಂದು ಕಡೆ ಮಾರಲಾಗದೆ ಕೊಳೆಯುವ ಟೊಮೆಟೊ, ಇನ್ನೊಂದು ಕಡೆ ಕೊಳ್ಳಲಾಗದೆ ಬರಿದಾದ ಅಡಿಗೆಮನೆ. ನಡುವಿನ ದಾರಿ ಕಡಿದುಹೋಗಿತ್ತು.

1996 ರ ನವೆಂಬರ್‌ನಲ್ಲಿ ರೋಮ್ ನಗರದಲ್ಲಿ ವಿಶ್ವ ಆಹಾರ ಶೃಂಗಸಭೆ ನಡೆಯಿತು. ಆಗಿನ ವಿಶ್ವಗುರು ಎರಡನೆಯ ಜಾನ್ ಪೌಲರು ಆ ಸಭೆಯನ್ನು ಉದ್ದೇಶಿಸಿ ಮಾತನಾಡಿದರು. ಆಹಾರ ಭದ್ರತೆ ಎಂದರೇನೆಂದು ಆ ಸಭೆ ವಿವರಿಸಿತು. ಬಲ್ಲವರು ಅದರಲ್ಲಿ ನಾಲ್ಕು ಅಂಶಗಳನ್ನು ಗುರುತಿಸುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಆಹಾರ ಇರಬೇಕು, ಕೈಗೆ ಸಿಗಬೇಕು, ಮೈಗೆ ಹತ್ತಬೇಕು, ಇಂದು ಇದ್ದಂತೆ ನಾಳೆಯೂ ಇರಬೇಕು. 2020 ರಲ್ಲಿ ಮೊದಲನೆಯದು ಇತ್ತು, ಉಳಿದ ಮೂರು ಮುರಿದುಬಿದ್ದವು.

ಇದು ನಮ್ಮ ದೇಶದ ಕತೆ ಮಾತ್ರವಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 2020 ರಲ್ಲಿ ಲೋಕದಲ್ಲಿ 72 ರಿಂದ 81 ಕೋಟಿ ಜನ ಹಸಿವಿನಿಂದ ಬಳಲಿದರು. ಸಾಕಷ್ಟು ಆಹಾರ ಸಿಗದವರ ಸಂಖ್ಯೆ ಸುಮಾರು 237 ಕೋಟಿ. ಹಿಂದಿನ ವರ್ಷಕ್ಕಿಂತ 32 ಕೋಟಿ ಹೆಚ್ಚು. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ವಿಶ್ವ ಆಹಾರ ಕಾರ್ಯಕ್ರಮ ಎಂಬ ಸಂಸ್ಥೆಗೆ ಸಂದಿತು. ಅನ್ನ ನೀಡುವುದೂ ಶಾಂತಿಯ ಕೆಲಸವೆಂದು ಲೋಕ ಒಪ್ಪಿಕೊಂಡಂತಾಯಿತು.

ಎಂಟು ಮೆಟ್ಟಿಲುಗಳು

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014 ರಿಂದ ಅನೇಕ ದೇಶಗಳಲ್ಲಿ ಜನರಿಗೆ ಎಂಟು ಪ್ರಶ್ನೆಗಳನ್ನು ಕೇಳುತ್ತಾ ಬಂದಿದೆ. ಹಣವಿಲ್ಲದ ಕಾರಣದಿಂದ ಹೀಗಾಯಿತೇ ಎಂಬುದು ಪ್ರತಿ ಪ್ರಶ್ನೆಯ ಸಾರ. ಆ ಎಂಟನ್ನು ನಮ್ಮ ಅಡಿಗೆಮನೆಗೆ ಹೊಂದಿಸಿ ನೋಡೋಣ.

1. ಚಿಂತೆ. ಇಂದು ಊಟವಾಯಿತು, ನಾಳೆಗೆ ಏನು ಎಂದು ಮನೆಯಾಕೆ ರಾತ್ರಿ ನಿದ್ದೆಗೆಡುತ್ತಾಳೆ. ಡಬ್ಬಿಯಲ್ಲಿ ಅಕ್ಕಿ ಇನ್ನೂ ಇದೆ.

2. ಮೈಗೆ ಬೇಕಾದದ್ದು ಬಿಟ್ಟುಹೋಗುವುದು. ಮೊದಲು ಹಣ್ಣು, ಆಮೇಲೆ ಮೊಟ್ಟೆ, ಆಮೇಲೆ ಮಕ್ಕಳ ಹಾಲು.

3. ಒಂದೇ ಬಗೆಯ ಊಟ. ಬೆಳಿಗ್ಗೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಸಾರು ದಿನದಿಂದ ದಿನಕ್ಕೆ ನೀರಾಗುತ್ತದೆ.

4. ಒಂದು ಹೊತ್ತು ಬಿಡುವುದು. ತಿಂಡಿಯ ಬದಲು ಟೀ.

5. ತಟ್ಟೆಯಲ್ಲಿ ಕಡಿಮೆ. ಮೂರು ಹೊತ್ತೂ ಇದೆ, ಆದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ.

6. ಡಬ್ಬಿ ಬರಿದಾಗುವುದು. ಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ಕಡ ತರುವ ದಿನ ಇದು.

7. ಹಸಿದಿದ್ದರೂ ತಿನ್ನದಿರುವುದು. ನನಗೆ ಹಸಿವಿಲ್ಲ, ನೀವು ತಿನ್ನಿ ಎಂಬ ತಾಯಿಯ ಸುಳ್ಳು ಹುಟ್ಟುವುದು ಇಲ್ಲಿ.

8. ಇಡೀ ದಿನ ಬರಿ ಹೊಟ್ಟೆ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗುವುದು.

ಅರಸುಗಳ ಮೊದಲನೆಯ ಗ್ರಂಥದ 17 ನೆಯ ಅಧ್ಯಾಯದಲ್ಲಿ ಬರುವ ಸರೆಪ್ತದ ವಿಧವೆಯನ್ನು ನೆನಪಿಸಿಕೊಳ್ಳಿ. ಪ್ರವಾದಿ ಎಲೀಯನು ಊರ ಬಾಗಿಲಲ್ಲಿ ಅವಳನ್ನು ಕಂಡಾಗ ಅವಳು ಸೌದೆ ಆಯುತ್ತಿದ್ದಳು. ದಾರಿಹೋಕರಿಗೆ ಅವಳು ಸೌದೆ ಆಯುವ ಒಬ್ಬ ಹೆಂಗಸು, ಅಷ್ಟೆ. ಅವಳ ಮಡಕೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ಅದೇ ತಾಯಿ ಮಗನ ಕೊನೆಯ ಊಟ. ಈ ಸಂಗತಿ ಊರಿನಲ್ಲಿ ಯಾರಿಗೂ ತಿಳಿದಂತಿಲ್ಲ. ಪ್ರವಾದಿ ಮಾತನಾಡಿಸಿದಾಗಲೇ ಅದು ಹೊರಬಂತು. ನಮ್ಮ ಬೀದಿಯಲ್ಲೂ ಎಷ್ಟೋ ಮಂದಿ ಹೀಗೆ ಸೌದೆ ಆಯುತ್ತಿರಬಹುದು. ನಾವು ಮಾತನಾಡಿಸಿದ್ದೇವೆಯೇ ಎಂಬುದು ಪ್ರಶ್ನೆ.

ಇಲ್ಲೊಂದು ಮಾತು ಹೇಳಲೇಬೇಕು. ತಪಸ್ಸು ಕಾಲದಲ್ಲಿ ನಾವು ಉಪವಾಸ ಮಾಡುತ್ತೇವೆ. ಅದು ನಾವಾಗಿ ಆರಿಸಿಕೊಂಡದ್ದು, ಸಂಜೆಗೆ ಮುಗಿಯುವಂಥದ್ದು. ಬಡವರ ಮೇಲೆ ಬಂದೆರಗಿದ ಹಸಿವನ್ನು ಉಪವಾಸದ ಪುಣ್ಯವೆಂದು ಹೊಗಳುವುದು ಸರಿಯಲ್ಲ. ದೇವರು ಮೆಚ್ಚುವ ಉಪವಾಸ ಯಾವುದೆಂದು ಪ್ರವಾದಿ ಯೆಶಾಯನು 58 ನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾನೆ. ಹಸಿದವರೊಂದಿಗೆ ನಮ್ಮ ಅನ್ನವನ್ನು ಹಂಚಿಕೊಳ್ಳುವುದೇ ಅದರ ತಿರುಳು.

ಮನೆಯೊಳಗಿನ ತಟ್ಟೆಗಳು

ಸರ್ಕಾರದ ಲೆಕ್ಕದಲ್ಲಿ ಮನೆ ಒಂದು. ಆದರೆ ಮನೆಯೊಳಗೆ ತಟ್ಟೆಗಳು ಹಲವು. ದುಡಿಯುವ ಗಂಡಸಿಗೆ ಮೊದಲು, ಗಂಡು ಮಕ್ಕಳಿಗೆ ಆಮೇಲೆ, ಹೆಣ್ಣು ಮಕ್ಕಳಿಗೆ ಆಮೇಲೆ, ಬಡಿಸಿದ ತಾಯಿಗೆ ಕೊನೆಗೆ ಎಂಬ ರೂಢಿ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಪಾತ್ರೆ ತುಂಬಿರುವಾಗ ಈ ಸರದಿಯಿಂದ ದೊಡ್ಡ ವ್ಯತ್ಯಾಸವಾಗದು. ಪಾತ್ರೆ ಅರ್ಧವಾದಾಗ ಕೊನೆಯಲ್ಲಿ ಕುಳಿತವರ ಪಾಲು ತಳದ ಸೀಕಲು. ಆದ್ದರಿಂದ ಒಂದೇ ಮನೆಯಲ್ಲಿ ಗಂಡ ಎರಡನೆಯ ಮೆಟ್ಟಿಲಿನಲ್ಲಿಯೂ ಹೆಂಡತಿ ಏಳನೆಯ ಮೆಟ್ಟಿಲಿನಲ್ಲಿಯೂ ಇರುವುದುಂಟು. ಬಸುರಿ, ಬಾಣಂತಿಯರ ವಿಷಯದಲ್ಲಿ ಇದು ಎರಡು ಜೀವಗಳ ಪ್ರಶ್ನೆ.

ಇನ್ನೊಂದು ಲೆಕ್ಕವನ್ನು ನೋಡಿ. 2020 ರ ಮಾರ್ಚ್ 26 ರಂದು ಕೇಂದ್ರ ಸರ್ಕಾರ ಗರೀಬ್ ಕಲ್ಯಾಣ್ ಅನ್ನ ಯೋಜನೆಯನ್ನು ಪ್ರಕಟಿಸಿತು. ಪಡಿತರ ಚೀಟಿಯಿದ್ದ ಸುಮಾರು 80 ಕೋಟಿ ಜನರಿಗೆ ಮಾಮೂಲಿನ ಪಾಲಿನ ಜೊತೆಗೆ ತಲಾ 5 ಕಿಲೋ ಅಕ್ಕಿ ಅಥವಾ ಗೋಧಿ, ಮನೆಗೆ 1 ಕಿಲೋ ಬೇಳೆ ಪ್ರತಿ ತಿಂಗಳೂ ಉಚಿತ. ಇದು ಕೋಟ್ಯಂತರ ಒಲೆಗಳನ್ನು ಆರದಂತೆ ಕಾಪಾಡಿತು. ಇದಕ್ಕಾಗಿ ನಾವು ದೇವರಿಗೂ, ಮಾಸ್ಕು ಕಟ್ಟಿಕೊಂಡು ತೂಕ ಹಾಕಿದ ನ್ಯಾಯಬೆಲೆ ಅಂಗಡಿಯವರಿಗೂ ಕೃತಜ್ಞರಾಗಿರಬೇಕು.

ಆದರೂ ಐದು ಜನರ ಒಂದು ಮನೆಯನ್ನು ಊಹಿಸಿಕೊಳ್ಳಿ. ಒಂದು ಕಿಲೋ ಬೇಳೆ ಐದು ಜನರಿಗೆ, ಮೂವತ್ತು ದಿನಕ್ಕೆ. ಒಬ್ಬರಿಗೆ ದಿನಕ್ಕೆ ಏಳು ಗ್ರಾಂ ಕೂಡ ಬರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024 ರ ಮಾರ್ಗಸೂಚಿ ದೊಡ್ಡವರೊಬ್ಬರ ದಿನದ ಊಟದಲ್ಲಿ 85 ಗ್ರಾಂ ಬೇಳೆ ಕಾಳು ಇರಲಿ ಎನ್ನುತ್ತದೆ. ಆ ಲೆಕ್ಕದಲ್ಲಿ ಐದು ಜನ ದೊಡ್ಡವರಿಗೆ ಒಂದು ಕಿಲೋ ಬೇಳೆ ಎರಡೂವರೆ ದಿನಕ್ಕೂ ಸಾಲದು. ಹೊಟ್ಟೆ ಅನ್ನದಿಂದ ತುಂಬಿತು, ಮೈಗೆ ಹತ್ತಬೇಕಾದದ್ದು ಹತ್ತಲಿಲ್ಲ. ಮೂರನೆಯ ಮೆಟ್ಟಿಲೆಂದರೆ ಇದೇ.

ಶಾಲೆ ಮುಚ್ಚಿದ್ದು ಮತ್ತೊಂದು ಪೆಟ್ಟು. ಅನೇಕ ಬಡ ಮಕ್ಕಳಿಗೆ ಬೇಳೆ, ತರಕಾರಿ ಸೇರಿದ ಬಿಸಿಯೂಟ ದಿನದ ಒಳ್ಳೆಯ ಊಟವಾಗಿತ್ತು. ಶಾಲೆ ಮುಚ್ಚಿದರೆ ಈ ಮಕ್ಕಳ ಗತಿಯೇನು ಎಂದು ಸುಪ್ರೀಂ ಕೋರ್ಟು 2020 ರ ಮಾರ್ಚ್ 18 ರಂದೇ ರಾಜ್ಯಗಳನ್ನು ಕೇಳಿತು. ಮುಂದೆ ಮಕ್ಕಳ ಪಾಲಿನ ಧಾನ್ಯ ಮನೆಗೆ ಬಂತು. ಆದರೆ ಶಾಲೆಯಲ್ಲಿ ಬೇಯಿಸಿ ಬಡಿಸಿದ ಊಟ ಮಗುವಿನ ಹೊಟ್ಟೆಗೇ ಹೋಗುತ್ತದೆ. ಮನೆಗೆ ಬಂದ ಅಕ್ಕಿ ಮನೆಯ ಡಬ್ಬಿಗೆ ಸೇರಿ ಎಲ್ಲರಿಗೂ ಹಂಚಿಹೋಗುತ್ತದೆ. ಅದು ತಪ್ಪಲ್ಲ. ಆದರೂ ಮಗುವಿನ ಪಾಲು ಕುಗ್ಗಿತು.

ಪಟ್ಟಿಯಲ್ಲಿ ಹೆಸರಿಲ್ಲದವರು

ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಆರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಸಂತ ಸ್ತೇಫನರ ಕಾರಣಕ್ಕೆ ಓದುತ್ತೇವೆ. ಆ ಅಧ್ಯಾಯ ಶುರುವಾಗುವುದು ಒಂದು ದೂರಿನಿಂದ. ಜೆರುಸಲೇಮಿನ ಆದಿ ಧರ್ಮಸಭೆಯಲ್ಲಿ ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತನಾಡುವ ವಿಧವೆಯರು ಮಾತ್ರ ಆ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದರು. ಆಹಾರವಿತ್ತು, ಹಂಚುವ ಮನಸ್ಸೂ ಇತ್ತು, ಆದರೆ ಪರಊರಿನವರ, ಪರಭಾಷೆಯವರ ಹೆಸರು ತಪ್ಪಿಹೋಗಿತ್ತು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಹೊಂದಿಕೊಂಡು ಹೋಗಿ ಎನ್ನಲಿಲ್ಲ. ಪವಿತ್ರಾತ್ಮಭರಿತರಾದ ಏಳು ಮಂದಿಯನ್ನು ಆರಿಸಿ, ಅವರ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿ, ಈ ಕೆಲಸಕ್ಕೆ ನೇಮಿಸಿದರು. ಊಟದ ಪಟ್ಟಿಯನ್ನು ಸರಿಪಡಿಸುವುದು ಧರ್ಮಸಭೆಗೆ ಅಷ್ಟು ಪವಿತ್ರವಾದ ಕೆಲಸವಾಗಿತ್ತು.

2020 ರಲ್ಲಿ ನಮ್ಮಲ್ಲೂ ಹೀಗೆಯೇ ಆಯಿತು. ಚೀಟಿ ಇದ್ದವರಿಗೆ ಧಾನ್ಯ ಸಿಕ್ಕಿತು. ದುಡಿಮೆಗೆಂದು ಪರರಾಜ್ಯದಿಂದ ಬಂದು ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ವಾಸವಾಗಿದ್ದವರ ಚೀಟಿ ಊರಿನ ಪೆಟ್ಟಿಗೆಯಲ್ಲಿತ್ತು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ಚೀಟಿಗೆ ಸೇರಿರಲಿಲ್ಲ. ಸುಣ್ಣ ಸಿಮೆಂಟಿನಲ್ಲಿ ದುಡಿದು ಸವೆದ ಬೆರಳನ್ನು, ಮುದುಕರ ಬೆರಳನ್ನು ಹೆಬ್ಬೆಟ್ಟಿನ ಯಂತ್ರ ಗುರುತಿಸಲಿಲ್ಲ. 2013 ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಫಲಾನುಭವಿಗಳ ಸಂಖ್ಯೆಯನ್ನು 2011 ರ ಜನಗಣತಿಯ ಮೇಲೆ ನಿಗದಿ ಮಾಡಿದ್ದರು. ಆಮೇಲೆ ಜನ ಹೆಚ್ಚಿದರು, ಸಂಖ್ಯೆ ಹೆಚ್ಚಲಿಲ್ಲ. ಚೀಟಿಯಿಲ್ಲದ ವಲಸೆ ಕಾರ್ಮಿಕರಿಗೆ ಎರಡು ತಿಂಗಳ ಧಾನ್ಯವನ್ನು ಕೇಂದ್ರ ಸರ್ಕಾರ ಪ್ರಕಟಿಸುವ ಹೊತ್ತಿಗೆ 2020 ರ ಮೇ ತಿಂಗಳ ಮಧ್ಯಭಾಗವಾಗಿತ್ತು. ಅಷ್ಟರಲ್ಲಿ ಎಷ್ಟೋ ಮಂದಿ ಹೆಂಡತಿ ಮಕ್ಕಳೊಂದಿಗೆ ನಡೆದೇ ಊರಿಗೆ ಹೊರಟಿದ್ದರು. ಯಾವ ಊರಿನ ಚೀಟಿಗಾದರೂ ಯಾವ ಊರಿನಲ್ಲಾದರೂ ಧಾನ್ಯ ಕೊಡುವ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ 2021 ರ ಜುಲೈ 31 ರೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2021 ರ ಜೂನ್ 29 ರಂದು ಆದೇಶಿಸಿತು.

ಪಡಿತರ ಯಾರದೋ ದಾನವಲ್ಲ, ಕಾಯಿದೆ ಕೊಟ್ಟ ಹಕ್ಕು. ಆ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲುತ್ತದೆ. 2024 ರ ಜನವರಿ 1 ರಿಂದ ಐದು ವರ್ಷ ಇದು ಉಚಿತವೆಂದು ಕೇಂದ್ರ ಸರ್ಕಾರ ತೀರ್ಮಾನಿಸಿದೆ. ಅರ್ಹರಾದ ನೆರೆಯವರಿಗೆ ಈ ಹಕ್ಕು ದೊರಕಿಸಲು ಅರ್ಜಿ ತುಂಬಿಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು ಆ ಏಳು ಮಂದಿ ಸೇವಕರ ಕೆಲಸದ ಮುಂದುವರಿಕೆ.

ಒಂದೇ ಬಲಿಪೀಠ, ಎರಡು ಊಟ

2020 ರ ಮಾರ್ಚ್ 27 ರ ಸಂಜೆ, ಮಳೆಯಲ್ಲಿ ನೆನೆದ ಬರಿದಾದ ಸಂತ ಪೇತ್ರರ ಚೌಕದಲ್ಲಿ ವಿಶ್ವಗುರು ಫ್ರಾನ್ಸಿಸರು ಒಬ್ಬರೇ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು ನಮ್ಮಲ್ಲಿ ಅನೇಕರು ಟಿವಿಯಲ್ಲಿ ಕಂಡೆವು. 2025 ರಲ್ಲಿ ದೇವರ ಪಾದ ಸೇರಿದ ಆ ಹಿರಿಯರು ಅಂದು ಧ್ಯಾನಿಸಿದ್ದು ಬಿರುಗಾಳಿಗೆ ಸಿಕ್ಕ ದೋಣಿಯ ಪ್ರಸಂಗವನ್ನು. ನಾವೆಲ್ಲರೂ ಒಂದೇ ದೋಣಿಯಲ್ಲಿದ್ದೇವೆಂದು ಅವರು ನೆನಪಿಸಿದರು. ನಿಜ. ಆದರೆ ಒಂದೇ ದೋಣಿಯಲ್ಲಿ ಕೆಲವರ ಬುತ್ತಿ ತುಂಬಿತ್ತು, ಕೆಲವರ ಬುತ್ತಿ ಖಾಲಿಯಿತ್ತು.

ಇಂಥದೇ ಸ್ಥಿತಿಯನ್ನು ಸಂತ ಪೌಲನು ಕೊರಿಂಥದ ಸಭೆಯಲ್ಲಿ ಕಂಡನು (1 ಕೊರಿಂಥ 11:17-34). ಪ್ರಭುಭೋಜನಕ್ಕೆ ಸೇರಿದವರಲ್ಲಿ ಕೆಲವರು ತಮ್ಮ ಊಟವನ್ನು ಮೊದಲೇ ಮುಗಿಸಿ ತೇಗುತ್ತಿದ್ದರು, ಇನ್ನು ಕೆಲವರು ಹಸಿದುಕೊಂಡೇ ಇರುತ್ತಿದ್ದರು. ಹೀಗೆ ಮಾಡುವುದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲನು ಖಂಡಿಸಿದನು. ಇಲ್ಲದವರನ್ನು ನಾಚಿಕೆಪಡಿಸುವುದು ದೇವರ ಸಭೆಯನ್ನೇ ಕಡೆಗಣಿಸಿದಂತೆ ಎಂಬುದು ಅವನ ವಾದ. ಪರಮ ಪ್ರಸಾದದ ಸ್ಥಾಪನೆಯ ವೃತ್ತಾಂತವನ್ನು ಪೌಲನು ಬರೆದಿಟ್ಟದ್ದೇ ಈ ಜಗಳವನ್ನು ತಿದ್ದುವ ಸಂದರ್ಭದಲ್ಲಿ ಎಂಬುದನ್ನು ನಾವು ಮರೆಯಬಾರದು.

ಲಾಕ್‌ಡೌನಿನ ವಾರಗಳಲ್ಲಿ ಪರಮ ಪ್ರಸಾದವಿಲ್ಲದೆ ನಾವು ಹಂಬಲಿಸಿದೆವು. ಆ ಹಂಬಲ ಒಳ್ಳೆಯದೇ. ಅದೇ ವಾರಗಳಲ್ಲಿ ನಮ್ಮದೇ ಧರ್ಮಕೇಂದ್ರದ ಎಷ್ಟು ಮನೆಗಳು ಅನ್ನವಿಲ್ಲದೆ ಹಂಬಲಿಸಿದವು? ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ನಾವು ಬೇಡುವುದು ‘ನನಗೆ’ ಎಂದಲ್ಲ, ‘ನಮಗೆ’ ಎಂದು. ಆ ‘ನಮಗೆ’ ಎಂಬುದರೊಳಗೆ ಹಿಂದಿನ ಬೀದಿಯ ಶೆಡ್ಡಿನವರೂ ಇದ್ದಾರೆ, ಅನ್ಯಧರ್ಮದವರೂ ಇದ್ದಾರೆ. ಹಸಿವಿಗೆ ಜ್ಞಾನಸ್ನಾನದ ದಾಖಲೆ ಬೇಕಿಲ್ಲ.

ನಾಚಿಕೆಪಡಿಸದೆ ಕೊಡುವ ಬಗೆ

ಹಸಿವು ಮನೆಯೊಳಗೇ ಅಡಗಿಕೊಳ್ಳಲು ಮುಖ್ಯ ಕಾರಣ ಮಾನ. ಕೂಲಿ ಮಾಡಿ ತಲೆಯೆತ್ತಿ ಬಾಳಿದವರು ಸಾಲಿನಲ್ಲಿ ನಿಂತು ಕೈ ಚಾಚಲು ಒಪ್ಪುವುದಿಲ್ಲ. ಸಣ್ಣ ಅಂಗಡಿ ಇಟ್ಟವರು, ಖಾಸಗಿ ಶಾಲೆಯ ಶಿಕ್ಷಕರು, ಮದುವೆಗಳಿಗೆ ಬ್ಯಾಂಡು ನುಡಿಸುವವರು ಬಡವರ ಪಟ್ಟಿಯಲ್ಲಿ ಎಂದೂ ಇದ್ದವರಲ್ಲ. ಅವರು ಮೊದಲು ಓಲೆ, ಸರ ಗಿರವಿ ಇಡುತ್ತಾರೆ, ಆಮೇಲೆ ಕೈಸಾಲ, ಆಮೇಲೆ ಊಟ ಕಡಿಮೆ. ಭಾನುವಾರ ಪೂಜೆಗೆ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಬರುತ್ತಾರೆ.

ರೂತಳ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಬೋವಜನೆಂಬ ಜಮೀನುದಾರನಿದ್ದಾನೆ. ಪರದೇಶದ ವಿಧವೆ ರೂತಳು ತನ್ನ ಅತ್ತೆಯನ್ನು ಸಾಕಲು ಅವನ ಹೊಲದಲ್ಲಿ ಹಕ್ಕಲು ತೆನೆ ಆಯಲು ಬಂದಳು. ಬೋವಜನು ಅವಳಿಗೆ ಒಂದು ಮೂಟೆ ಕೊಟ್ಟು ಕಳುಹಿಸಿಬಿಡಬಹುದಿತ್ತು. ಆದರೆ ಅವನು ಊಟದ ಹೊತ್ತಿಗೆ ಅವಳನ್ನು ಕೆಲಸಗಾರರ ಜೊತೆ ಕೂರಿಸಿಕೊಂಡು ಉಣಿಸಿದನು. ಆಮೇಲೆ ಕಟ್ಟುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಬೀಳಿಸಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ ಎಂದು ಆಳುಗಳಿಗೆ ಹೇಳಿದನು. ಕೊಟ್ಟದ್ದು ಅವನು. ಆದರೆ ದುಡಿದು ತಂದೆನೆಂಬ ಹೆಮ್ಮೆ ರೂತಳದು. ಕೊಡುವ ಕಲೆಯನ್ನು ಇವನಿಂದ ಕಲಿಯಬೇಕು.

ಧರ್ಮಸಭೆಯ ಚರಿತ್ರೆಯಲ್ಲೂ ಇದಕ್ಕೆ ಮಾದರಿಯಿದೆ. 1832 ರಲ್ಲಿ ಪ್ಯಾರಿಸ್ ನಗರವನ್ನು ಕಾಲರಾ ರೋಗ ಹಿಂಡಿತು. ಮರುವರ್ಷ, 1833 ರಲ್ಲಿ, ಫ್ರೆಡರಿಕ್ ಓಜನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಂದಿಗೆ ಸೇರಿ ಸಂತ ವಿನ್ಸೆಂಟ್ ದೆ ಪೌಲರ ಸಭೆಯನ್ನು ಆರಂಭಿಸಿದನು. ಬಡವರ ನಡುವೆ ಸೇವೆ ಮಾಡುತ್ತಿದ್ದ ಧರ್ಮಭಗಿನಿ ರೋಸಲಿ ರೆಂಡು ಅವರು ಈ ತರುಣರಿಗೆ ದಾರಿ ತೋರಿಸಿದರು. ಬಡವರನ್ನು ತಮ್ಮ ಬಳಿಗೆ ಕರೆಸಿಕೊಳ್ಳದೆ ತಾವೇ ಅವರ ಮನೆಗೆ ಹೋಗಿ ಕುಳಿತು ಮಾತನಾಡುವುದು ಆ ಸಭೆಯ ಕ್ರಮ. ಮನೆಗೆ ಹೋದವರಿಗೆ ಮಾತ್ರ ಡಬ್ಬಿ ಖಾಲಿಯಾಗಿರುವುದು ಕಾಣುತ್ತದೆ. ಓಜನಾಮರನ್ನು 1997 ರಲ್ಲಿಯೂ ಸಿಸ್ಟರ್ ರೋಸಲಿಯವರನ್ನು 2003 ರಲ್ಲಿಯೂ ಧರ್ಮಸಭೆ ಪುನೀತರೆಂದು ಸಾರಿತು.

ಒಂದು ಮನೆಯ ಲಾಕ್‌ಡೌನ್

ಇದೆಲ್ಲ ಮುಗಿದ ಕಾಲದ ಮಾತಲ್ಲವೇ ಎಂದು ಯಾರಾದರೂ ಕೇಳಬಹುದು. ಲೋಕಕ್ಕೆ ಬಂದ ವ್ಯಾಧಿ ಇಳಿಯಿತು. ಆದರೆ ಕೂಲಿಯವನ ಮನೆಗೆ ಬರುವ ಪ್ರತಿ ದೊಡ್ಡ ಕಾಯಿಲೆಯೂ ಆ ಮನೆಯ ಮಟ್ಟಿಗೆ ಒಂದು ಲಾಕ್‌ಡೌನೇ. ಕಾಲು ಮುರಿದ ಗಾರೆಯವನು, ಡಯಾಲಿಸಿಸ್ಸಿಗೆ ಹೋಗುವ ಆಟೋ ಚಾಲಕ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಸೊಸೆ, ಇವರ ಮನೆಗಳಲ್ಲಿ ದುಡಿಮೆ ನಿಂತು ಖರ್ಚು ಏರುತ್ತದೆ. ಮೊದಲ ಮೆಟ್ಟಿಲು ಅಂದೇ ಶುರು. ಕ್ಷಯರೋಗದಲ್ಲಂತೂ ಔಷಧದಷ್ಟೇ ಊಟವೂ ಮುಖ್ಯ. ಅದಕ್ಕಾಗಿಯೇ ಸರ್ಕಾರ 2018 ರಿಂದ ಕ್ಷಯರೋಗಿಗಳಿಗೆ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024 ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ.

ಮನೆಯಲ್ಲಿ, ಕಿರು ಕ್ರೈಸ್ತ ಸಮುದಾಯದಲ್ಲಿ ಇಷ್ಟನ್ನು ಮಾಡಬಹುದು.

ಆಸ್ಪತ್ರೆಯಿಂದ ಬಂದವರನ್ನು ನೋಡಲು ಹೋಗುವಾಗ ಹಣ್ಣಿನ ಜೊತೆಗೆ ಬೇಳೆ, ಎಣ್ಣೆ, ಮೊಟ್ಟೆಯನ್ನೂ ಒಯ್ಯಿರಿ. ಪಡಿತರದ ಅಕ್ಕಿ ಇರುವ ಮನೆಗೆ ಮತ್ತೆ ಅಕ್ಕಿಯನ್ನೇ ಕೊಡುವುದಕ್ಕಿಂತ ಇಲ್ಲದ್ದನ್ನು ಕೇಳಿ ಕೊಡುವುದು ಮೇಲು. ಗ್ಯಾಸ್ ಮುಗಿದಿದ್ದರೆ ಅಕ್ಕಿಯಿದ್ದೂ ಊಟವಿಲ್ಲ.

ಹಂಚುವಾಗ ಫೋಟೋ ಬೇಡ. ಯಾಯಿರನ ಮನೆಯಲ್ಲಿ ಪ್ರಭು ವಿಷಯ ಹೊರಗೆ ಹೋಗಬಾರದೆಂದು ಕಟ್ಟಪ್ಪಣೆ ಮಾಡಿದ್ದನ್ನು ನೆನೆಯಿರಿ.

ದಿನಸಿ ಅಂಗಡಿಯವರೊಂದಿಗೆ ಮಾತನಾಡಿ, ಕಷ್ಟದಲ್ಲಿರುವ ಮನೆಯ ಬಾಕಿಯನ್ನು ಸದ್ದಿಲ್ಲದೆ ತೀರಿಸಬಹುದು. ಅಂಗಡಿಯ ಬಾಗಿಲು ಅವರಿಗೆ ಮತ್ತೆ ತೆರೆಯುತ್ತದೆ.

ವರ್ಷಕ್ಕೊಮ್ಮೆ ನಿಮ್ಮ ಸಮುದಾಯದ ಮನೆಗಳ ಪಡಿತರ ಚೀಟಿಗಳನ್ನು ಪರಿಶೀಲಿಸಿ. ಎಲ್ಲರ ಹೆಸರೂ ಇದೆಯೇ? ಹೆಬ್ಬೆಟ್ಟು ಹೊಂದದ ಹಿರಿಯರಿದ್ದಾರೆಯೇ? ಪಡಿತರದ ದೂರುಗಳಿಗೆ 1967 ಎಂಬ ಸಹಾಯವಾಣಿ ಇದೆ, ಪರಊರಿನ ಚೀಟಿಯವರಿಗೆ 14445 ಇದೆ. ಫೋನ್ ಮಾಡಲು ಹಿಂಜರಿಯುವವರಿಗೆ ನೀವು ಮಾಡಿಕೊಡಿ.

ನಿಮ್ಮ ಸ್ವಂತ ಮನೆಯಲ್ಲಿ ತಾಯಿಯೂ ಎಲ್ಲರೊಂದಿಗೆ ಕುಳಿತು ಉಣ್ಣಲಿ. ಬಡಿಸುವ ಕೆಲಸ ಸರದಿಯ ಮೇಲೆ ಆಗಲಿ. ಈ ಒಂದು ಅಭ್ಯಾಸ ಕಷ್ಟಕಾಲದಲ್ಲಿ ಜೀವ ಉಳಿಸುತ್ತದೆ.

ಕುಟುಂಬದಲ್ಲಿ ಚರ್ಚೆಗೆ

1. 2020 ಮತ್ತು 2021 ರಲ್ಲಿ ನಮ್ಮ ಮನೆ ಎಂಟರಲ್ಲಿ ಎಷ್ಟನೆಯ ಮೆಟ್ಟಿಲನ್ನು ಮುಟ್ಟಿತ್ತು? ಅಂದು ನಮಗೆ ನೆರವಾದವರು ಯಾರು?

2. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಏಕೆ?

3. ನಮ್ಮ ಬೀದಿಯಲ್ಲಿ ಈಗ ಕಾಯಿಲೆಯಿಂದ ದುಡಿಮೆ ನಿಂತ ಮನೆ ಯಾವುದು? ಅವರನ್ನು ಕೊನೆಯ ಬಾರಿ ಮಾತನಾಡಿಸಿದ್ದು ಯಾವಾಗ?

4. ಕೊರಿಂಥದ ಸಭೆಯ ತಪ್ಪು ನಮ್ಮ ಧರ್ಮಕೇಂದ್ರದ ಹಬ್ಬದೂಟಗಳಲ್ಲಿ ಯಾವ ರೂಪದಲ್ಲಿ ಕಾಣುತ್ತದೆ?

ಈ ವಾರದ ನಿರ್ಧಾರ: ಒಂದು ಮನೆಯನ್ನು ಆರಿಸಿಕೊಂಡು ಬರಿಗೈಯಲ್ಲಿ ಹೋಗದೆ, ಅವಸರಪಡದೆ, ಅರ್ಧ ಗಂಟೆ ಕುಳಿತು ಬರುವುದು. ಏನು ಬೇಕೆಂದು ಕೇಳುವ ಮೊದಲು ಹೇಗಿದ್ದೀರೆಂದು ಕೇಳುವುದು.

ಪ್ರಾರ್ಥನೆ: ಯೇಸುಸ್ವಾಮಿಯೇ, ಯಾಯಿರನ ಮಗಳ ಹಸಿವನ್ನು ಎಲ್ಲರಿಗಿಂತ ಮೊದಲು ಕಂಡವರು ನೀವು. ನಮ್ಮ ನೆರೆಯಲ್ಲಿ ಬಾಯಿಬಿಟ್ಟು ಹೇಳದ ಹಸಿವನ್ನು ಕಾಣುವ ಕಣ್ಣನ್ನು ನಮಗೂ ಕೊಡಿರಿ. ಕೊಡುವಾಗ ನಮ್ಮ ಕೈ ಮೃದುವಾಗಿರಲಿ, ಪಡೆಯುವವರ ತಲೆ ತಗ್ಗದಿರಲಿ. ಕಾನಾ ಊರಿನ ಮದುವೆಮನೆಯಲ್ಲಿ ಕೊರತೆಯನ್ನು ಮೊದಲು ಗಮನಿಸಿದ ಮಾತೆ ಮರಿಯಮ್ಮನವರೇ, ನಮ್ಮ ಅಡಿಗೆಮನೆಗಳನ್ನು ಕಾಯಿರಿ. ಆಮೆನ್.